ಟೈರ್‌ಗೆ ಕಿಲೋಮೀಟರ್‌ಗೆ ಎಷ್ಟು ಬೀಳುತ್ತೆ? ಕೋಲಾರದ ಒಂದು ಟೊಮೆಟೊ ಪಿಕಪ್‌ನ ಲೆಕ್ಕ

ಇದು ಕೋಲಾರ ಜಿಲ್ಲೆಯ ಒಂದು ಪಿಕಪ್ ಗಾಡಿಯ ಟೈರ್ ಲೆಕ್ಕ. 2022ರ ಜೂನ್‌ನಿಂದ 2025ರ ಅಕ್ಟೋಬರ್‌ವರೆಗಿನದು. ಓಡಿಸುವವರೇ ಮಾಲೀಕರು. ಅವರ ಹೆಸರು, ಊರು, ಗಾಡಿಯ ಕಂಪನಿ, ಮಂಡಿ, ಅಂಗಡಿ ಯಾವುದನ್ನೂ ಇಲ್ಲಿ ಬರೆದಿಲ್ಲ. ‘ಗಾಡಿ ಅಣ್ಣ’ ಅಂತ ಕರೆಯುತ್ತೇನೆ. ಎಪಿಎಂಸಿ ಯಾರ್ಡ್‌ನಲ್ಲಿ ಅರ್ಧ ಜನರನ್ನು ಕೂಗೋದೇ ಹಾಗೆ, ಅದರಿಂದ ಯಾರೂ ಪತ್ತೆಯಾಗೋಲ್ಲ. ನಾನು ಇಂಥ ಸಣ್ಣ ಗಾಡಿ ಮಾಲೀಕರ ಲೆಕ್ಕಪತ್ರ ನೋಡಿಕೊಡುವವನು. ಬರೆಯೋಕೆ ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಬಿಲ್‌ಗಳನ್ನೂ ಅವರೇ ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ತಂದುಕೊಟ್ಟರು.

ಹಿನ್ನೆಲೆ

ಗಾಡಿ 1.7 ಟನ್ ಹೊರುವಂಥದ್ದು. 2020ರಲ್ಲಿ ಫೈನಾನ್ಸ್ ಮೇಲೆ ತೆಗೆದುಕೊಂಡದ್ದು, ತಿಂಗಳಿಗೆ 14,000 ರೂಪಾಯಿ ಕಂತು. ಕೆಲಸ ಒಂದೇ: ಕೋಲಾರದ ಮಾರುಕಟ್ಟೆಯಿಂದ ಬೆಂಗಳೂರಿಗೆ ಟೊಮೆಟೊ, ವಾಪಸ್ ಖಾಲಿ ಕ್ರೇಟ್. ಹೋಗಿ ಬರೋಕೆ ಸುಮಾರು 145 ಕಿ.ಮೀ. ಬಾಡಿಗೆ ಬಾಕ್ಸ್ ಲೆಕ್ಕದಲ್ಲಿ. ಇಲ್ಲಿ ಟೊಮೆಟೊ ಹರಾಜಾಗೋದೇ 15 ಕೆ.ಜಿ. ಬಾಕ್ಸ್‌ನಲ್ಲಿ. ಕ್ರೇಟ್ ತೂಕ ಸೇರಿಸಿದರೆ ಒಂದು ಬಾಕ್ಸ್ ಹತ್ತಿರತ್ತಿರ 17 ಕೆ.ಜಿ. ಈ 17ನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕಂಪನಿಯಿಂದ ಬಂದ ಟೈರ್ ಸವೆದ ಮೇಲೆ 2022ರ ಜೂನ್‌ನಲ್ಲಿ ನಾಲ್ಕೂ ಹೊಸದು ಹಾಕಿಸಿದ್ದರು. ಒಂದಕ್ಕೆ 7,600 ರೂಪಾಯಿ. 2024ರ ಕೊನೆಗೆ ಅದೇ ಅಂಗಡಿಯಲ್ಲಿ, ಅದೇ ಸೈಜಿಗೆ 9,600 ಕೇಳಿದರು. ಎರಡೂವರೆ ವರ್ಷದಲ್ಲಿ ನೂರಕ್ಕೆ 26 ಏರಿಕೆ. ಬಾಕ್ಸ್ ಬಾಡಿಗೆ ಮಾತ್ರ ಅಷ್ಟೂ ದಿನ 20 ರೂಪಾಯಿಯಲ್ಲೇ ಕೂತಿತ್ತು. 2023ರ ಜುಲೈನಲ್ಲಿ ಕೋಲಾರದಲ್ಲಿ ಒಂದು ಬಾಕ್ಸ್ ಟೊಮೆಟೊ 2,000 ರೂಪಾಯಿ ದಾಟಿತ್ತಲ್ವಾ, ಆಗಲೂ 20 ರೂಪಾಯಿಯೇ. "ಹಣ್ಣಿಗೆ ಪೊಲೀಸ್ ಕಾವಲು ಹಾಕಿದ್ರು ಸಾರ್, ಬಾಡಿಗೆ ಮಾತ್ರ ಯಾರ ಕಣ್ಣಿಗೂ ಬೀಳ್ಲಿಲ್ಲ" ಅನ್ನೋದು ಅವರ ಮಾತು.

ಬೆಲೆ ಏರಿದ್ದು ಸುಮ್ನೆ ಅಲ್ಲ. ಪಿಕಪ್, ಲಾರಿ ಟೈರ್‌ಗೆ ಕಾರಿನ ಟೈರ್‌ಗಿಂತ ನೈಸರ್ಗಿಕ ರಬ್ಬರ್ ಜಾಸ್ತಿ ಬೇಕು. ದೇಶದಲ್ಲಿ ಬೆಳೆಯೋದು ಸಾಲದೆ ಹೊರಗಿಂದ ತರಿಸುತ್ತೇವೆ. 2024ರ ಆಗಸ್ಟ್‌ನಲ್ಲಿ ಕೊಟ್ಟಾಯಂ ಮಾರುಕಟ್ಟೆಯಲ್ಲಿ ರಬ್ಬರ್ ಶೀಟ್ ಕೆ.ಜಿ.ಗೆ 240 ರೂಪಾಯಿ ದಾಟಿತು. ಸುಳ್ಯ, ಬೆಳ್ತಂಗಡಿ ಕಡೆಯ ಬೆಳೆಗಾರರು ವರ್ಷಗಟ್ಟಲೆ ಕಾದ ಮೇಲೆ ಕಂಡ ರೇಟು ಅದು, ಅವರಿಗೆ ಸಿಗಲೇಬೇಕಾದದ್ದೇ. ಉಳಿದ ಸಿಂಥೆಟಿಕ್ ರಬ್ಬರ್, ಕಾರ್ಬನ್ ಬ್ಲ್ಯಾಕ್ ಎಲ್ಲ ಕಚ್ಚಾ ತೈಲದ ಬೆಲೆಗೆ ಅಂಟಿಕೊಂಡವು.

ಇದರ ಮೇಲೆ ತೆರಿಗೆ. ಆಗ ಹೊಸ ಟೈರ್‌ಗೆ ಜಿಎಸ್‌ಟಿ ನೂರಕ್ಕೆ 28. ಒಂದೇ ಗಾಡಿ ಇಟ್ಟುಕೊಂಡು ಬಾಡಿಗೆಗೆ ಓಡಿಸುವವರು ಜಿಎಸ್‌ಟಿ ನೋಂದಣಿ ಮಾಡಿಸಿರೋದು ಅಪರೂಪ. ಅವರ ಬಾಡಿಗೆಗೆ ತೆರಿಗೆ ಇಲ್ಲ, ಹಾಗಾಗಿ ಟೈರ್ ಮೇಲೆ ಕಟ್ಟಿದ ತೆರಿಗೆ ವಾಪಸ್ ಬರೋ ದಾರಿಯೂ ಇಲ್ಲ. ದೊಡ್ಡ ಕಂಪನಿ ಇನ್‌ಪುಟ್ ಕ್ರೆಡಿಟ್ ಅಂತ ಕಳೆದುಕೊಳ್ಳುವ ದುಡ್ಡು ಇವರಿಗೆ ಪೂರ್ತಿ ಖರ್ಚು. 9,600 ರೂಪಾಯಿ ಟೈರ್‌ನಲ್ಲಿ 2,100 ರೂಪಾಯಿ ತೆರಿಗೆಯೇ ಇತ್ತು.

ಮೊದಲ ಸುತ್ತಿನ ಉಳಿತಾಯ

2023ರ ಸೆಪ್ಟೆಂಬರ್‌ನಲ್ಲಿ ನಾಲ್ಕೂ ಟೈರ್ ಒಟ್ಟಿಗೆ ಸವೆದು ಮುಗಿದವು. ಕೈಯಲ್ಲಿ ನಾಲ್ಕಕ್ಕಾಗುವಷ್ಟು ದುಡ್ಡಿರಲಿಲ್ಲ. ಗಾಡಿ ಅಣ್ಣ ಮಾಡಿದ್ದು ಬಹಳ ಜನ ಮಾಡೋದನ್ನೇ. ಮುಂದಕ್ಕೆ ಎರಡು ಹೊಸದು, ಒಂದಕ್ಕೆ 8,400. ಹಿಂದಕ್ಕೆ ತಮ್ಮದೇ ಹಳೇ ಟೈರ್‌ಗಳಿಗೆ ರಿಸೋಲ್ (ಸವೆದ ಟೈರ್ ಮೇಲೆ ಹೊಸ ರಬ್ಬರ್ ಪದರ ಕೂರಿಸೋದು), ಒಂದಕ್ಕೆ 2,900.

ರಿಸೋಲ್ ಅಂದರೆ ಮೂಗು ಮುರಿಯೋ ಕೆಲಸವೇನಲ್ಲ. ಒಳಗಿನ ಕೇಸಿಂಗ್, ಅಂದರೆ ಟೈರ್‌ನ ಮೂಲ ಕವಚ, ಗಟ್ಟಿ ಇದ್ದರೆ, ಹೇಳಿದಷ್ಟೇ ತೂಕ ಹಾಕಿದರೆ, ಹಿಂದಿನ ಚಕ್ರಕ್ಕೆ ಅದು ಒಳ್ಳೇ ಉಳಿತಾಯ. ದೊಡ್ಡ ಲಾರಿಗಳು, ಬಸ್ಸುಗಳು ಅದರ ಮೇಲೇ ಓಡುತ್ತವೆ. ಇಲ್ಲಿ ತಪ್ಪಿದ್ದು ಕೇಸಿಂಗ್‌ನಲ್ಲಿ. ವರ್ಷಕ್ಕೂ ಮೇಲೆ ಗಾಳಿ ಕಡಿಮೆ ಇಟ್ಟು, ತೂಕ ಜಾಸ್ತಿ ಹೇರಿ ಓಡಿಸಿದ ಟೈರ್‌ಗಳು ಅವು. ಪಕ್ಕದ ಗೋಡೆ ಬಗ್ಗಿ ಬಗ್ಗಿ, ಕಾದು ಕಾದು ಒಳಗೇ ಸೋತಿದ್ದವು. ಮೇಲೆ ಹೊಸ ರಬ್ಬರ್ ಕೂರಿಸಿದ್ದರಿಂದ ನೋಡೋಕೆ ಹೊಸದರ ಹಾಗೇ ಕಂಡವು.

2024ರ ಜನವರಿಯಲ್ಲಿ ನರಸಾಪುರ ದಾಟಿದ ಮೇಲೆ ಹೈವೇಯಲ್ಲಿ ಎಡಗಡೆ ಹಿಂದಿನ ಟೈರ್‌ನ ಮೇಲ್ಪದರ ಪಟ್ಟಿಯಾಗಿ ಕಿತ್ತು ಬಂತು. ಮಡ್‌ಗಾರ್ಡ್ ಹರಿಯಿತು. ಸ್ಟೆಪ್ನಿ ಹಾಕಿಕೊಂಡು ಬೆಂಗಳೂರು ಮುಟ್ಟುವಷ್ಟರಲ್ಲಿ ಬೆಳಗಿನ ಒಳ್ಳೇ ರೇಟು ಕೈಬಿಟ್ಟಿತ್ತು. ಮಂಡಿಯವರು ಆ ದಿನದ ಬಾಡಿಗೆಯಲ್ಲಿ ಹಿಡಿದುಕೊಂಡು ಕೊಟ್ಟರು.

ಆ ಜಾಗಕ್ಕೆ 3,500 ಕೊಟ್ಟು ಸೆಕೆಂಡ್ ಹ್ಯಾಂಡ್ ಟೈರ್ ಹಾಕಿಸಿದರು. ಬಟನ್ (ರಸ್ತೆಗೆ ತಾಗೋ ರಬ್ಬರ್ ಉಬ್ಬುಗಳು) ಚೆನ್ನಾಗಿಯೇ ಇತ್ತಂತೆ. ಆ ಟೈರ್ ಅವರ ಮನೆ ಹಿಂದೆ ಇನ್ನೂ ಬಿದ್ದಿದೆ, ನಾನು ನೋಡಿದೆ. ಪಕ್ಕದ ಗೋಡೆಯಲ್ಲಿ ಮೊಟ್ಟೆಯಾಕಾರದ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ: 0918. ಅಂದರೆ 2018ರ ಒಂಬತ್ತನೇ ವಾರ ತಯಾರಾದದ್ದು. ಕೊಂಡಾಗಲೇ ಅದಕ್ಕೆ ಹತ್ತಿರತ್ತಿರ ಆರು ವರ್ಷ. ಉಗುರಿನಿಂದ ಒತ್ತಿದರೆ ರಬ್ಬರ್ ಒಳಗೆ ಹೋಗೋದೇ ಇಲ್ಲ, ಬಟನ್‌ಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು. ನಾಲ್ಕು ತಿಂಗಳಲ್ಲಿ ಅದೂ ಹೋಯ್ತು, ಜೊತೆಗಿದ್ದ ಇನ್ನೊಂದು ರಿಸೋಲ್ ಕೂಡ ಉಬ್ಬಿಕೊಂಡಿತು. ಮೇ ತಿಂಗಳಲ್ಲಿ ಹಿಂದಕ್ಕೆ ಎರಡು ಹೊಸ ಟೈರ್ ಸಾಲಕ್ಕೆ ತಂದರು, ಒಂದಕ್ಕೆ 9,000. ಕೈಯಲ್ಲಿ ಕಾಸಿದ್ದಿದ್ದರೆ 8,700ಕ್ಕೆ ಬರುತ್ತಿತ್ತು.

ಡಿಸೆಂಬರ್‌ಗೆ ನಾಲ್ಕೂ ಮತ್ತೆ ಮುಗಿದಿದ್ದವು. ಮೇನಲ್ಲಿ ಹಾಕಿದ್ದ ಹಿಂದಿನ ಜೋಡಿ ಕೂಡ! ಕವರ್ ಹಿಡಿದುಕೊಂಡು ಬಂದದ್ದು ಆಗಲೇ. "ಟೈರ್ ರೇಟೇ ನನ್ನ ತಿಂದಾಕ್ತಾ ಐತೆ ಸಾರ್. ಗಾಡಿ ಕೊಟ್ಬಿಡ್ಲಾ?"

ಲೆಕ್ಕ ಬಿಡಿಸಿದಾಗ

ಟೈರ್ ಬೆಲೆಯನ್ನು ಟೈರ್‌ಗೆ ಎಷ್ಟು ಅಂತ ನೋಡಿದರೆ ಏನೂ ತಿಳಿಯೋಲ್ಲ. ಕಿಲೋಮೀಟರ್‌ಗೆ ಎಷ್ಟು ಬಿತ್ತು ಅಂತ ನೋಡಬೇಕು.

2022ರ ಸೆಟ್: ನಾಲ್ಕು ಟೈರ್‌ಗೆ 30,400 ರೂಪಾಯಿ, ಓಡಿದ್ದು 41,000 ಕಿ.ಮೀ. ಕಿಲೋಮೀಟರ್‌ಗೆ 74 ಪೈಸೆ.

2023ರ ಸೆಪ್ಟೆಂಬರ್‌ನಿಂದ 2024ರ ಡಿಸೆಂಬರ್‌ವರೆಗೆ: ಮುಂದಿನ ಜೋಡಿ 16,800, ರಿಸೋಲ್ 5,800, ಸೆಕೆಂಡ್ ಹ್ಯಾಂಡ್ 3,500, ಹಿಂದಿನ ಹೊಸ ಜೋಡಿ 18,000. ಒಟ್ಟು 44,100. ಓಡಿದ್ದು 39,000 ಕಿ.ಮೀ. ಕಿಲೋಮೀಟರ್‌ಗೆ 1 ರೂಪಾಯಿ 13 ಪೈಸೆ. ಪಂಚರ್, ಟ್ಯೂಬ್, ಹರಿದ ಮಡ್‌ಗಾರ್ಡ್ ಇದರಲ್ಲಿ ಇಲ್ಲ.

ಏರಿದ್ದು 39 ಪೈಸೆ. ಇದರಲ್ಲಿ ಬೆಲೆ ಏರಿಕೆಯ ಪಾಲೆಷ್ಟು? ಆ ಅವಧಿಯಲ್ಲಿ ಹೊಸ ಟೈರ್‌ಗೆ ಅವರು ಕೊಟ್ಟ ಸರಾಸರಿ ಬೆಲೆ 8,700. ಅದೇ ಬೆಲೆಗೆ ನಾಲ್ಕೂ ಹೊಸದು ಹಾಕಿ, ಮೊದಲಿನ ಹಾಗೆ 41,000 ಕಿ.ಮೀ. ಓಡಿಸಿದ್ದರೆ 85 ಪೈಸೆ ಬೀಳುತ್ತಿತ್ತು. ಅಂದರೆ ಬೆಲೆ ಏರಿಕೆಯಿಂದ ಆದದ್ದು 11 ಪೈಸೆ. ಉಳಿದ 28 ಪೈಸೆ ಟೈರ್ ಬೇಗ ಸವೆದದ್ದಕ್ಕೆ, ಅರ್ಧಂಬರ್ಧ ಕೊಂಡದ್ದಕ್ಕೆ, ಸಾಲಕ್ಕೆ ತಂದದ್ದಕ್ಕೆ.

ಈ ಪ್ರಕರಣದಲ್ಲಿ ದಿಕ್ಕು ಬದಲಾದದ್ದು ಇಲ್ಲಿ. ಅಲ್ಲಿವರೆಗೆ ಮಾತೆಲ್ಲ ‘ಯಾವ ಅಂಗಡಿಯಲ್ಲಿ ನೂರು ಕಡಿಮೆ’ ಅನ್ನೋದರ ಸುತ್ತಲೇ ಇತ್ತು. ಕಾಗದದ ಮೇಲೆ 11 ಮತ್ತು 28 ಅಕ್ಕಪಕ್ಕ ಕಂಡ ಮೇಲೆ ಗಾಡಿ ಅಣ್ಣ ತಾವಾಗಿಯೇ ಕೇಳಿದರು: "ಹಂಗಾದ್ರೆ ಟೈರ್ ಯಾಕೆ ಬೇಗ ಹೋಗ್ತಾ ಐತೆ?"

ಗಾಳಿ, ಟೈ ರಾಡ್, ತೂಕ

ಗಾಡಿ ಓಡದೆ ನಿಂತಿದ್ದ ಒಂದು ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ ಗಾಳಿ ಅಳೆಸಿದೆವು. ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಪೂರ್ತಿ ಲೋಡಿಗೆ ಹಿಂದೆ 65 ಪಿಎಸ್‌ಐ ಅಂತ ಇತ್ತು. ಎಡಗಡೆ ಇದ್ದದ್ದು 46, ಬಲಗಡೆ 52.

ಇದು ಅಸಡ್ಡೆ ಅಂದುಕೊಳ್ಳೋದು ಸುಲಭ. ಆದರೆ ಅವರು ಬೇಕು ಅಂತಲೇ ಕಡಿಮೆ ಇಟ್ಟಿದ್ದರು. ಗಾಳಿ ಬಿಗಿ ಇದ್ದರೆ ಹಂಪ್ ಮೇಲೆ ಗಾಡಿ ಎತ್ತಿ ಹಾಕುತ್ತೆ, ಕೆಳಗಿನ ಸಾಲಿನ ಕ್ರೇಟ್‌ನಲ್ಲಿ ಹಣ್ಣು ಒಡೆಯುತ್ತೆ, ಮಂಡಿಯಲ್ಲಿ ಬಾಕ್ಸ್‌ಗಿಷ್ಟು ಅಂತ ಮುರಿದುಕೊಳ್ಳುತ್ತಾರೆ. ಮೆತ್ತಗಿದ್ದರೆ ಹಣ್ಣು ಉಳಿಯುತ್ತೆ. ಟೊಮೆಟೊ ಓಡಿಸುವವರಲ್ಲಿ ಈ ಲೆಕ್ಕ ಹಾಕುವವರು ಇವರೊಬ್ಬರೇ ಅಲ್ಲ. ಹಣ್ಣಿನ ನಷ್ಟ ಅದೇ ದಿನ ಕಣ್ಣಿಗೆ ಕಾಣುತ್ತೆ, ಟೈರ್‌ನ ನಷ್ಟ ಕಾಣೋಕೆ ವರ್ಷ ಬೇಕು. ‘ಗಾಳಿ ಸರಿಯಾಗಿ ಇಡಿ’ ಅಂತ ಬರೀ ಬುದ್ಧಿ ಹೇಳಿದ್ದರೆ ಅವರು ತಲೆಯಾಡಿಸಿ, ಹೊರಗೆ ಹೋಗಿ ಮತ್ತೆ ಗಾಳಿ ಬಿಡುತ್ತಿದ್ದರು.

ಅದಕ್ಕೆ ಸಿಕ್ಕಿದ ದಾರಿ ಅವರದೇ. ಗಾಡಿ ತಳಕ್ಕೆ ಹಳೇ ಕನ್ವೇಯರ್ ಬೆಲ್ಟ್ ತುಂಡು ಹಾಸಿ, ಮೇಲೆ ಎರಡು ಪದರ ಗೋಣಿಚೀಲ. ಕೆಳಸಾಲಿನ ಕ್ರೇಟ್‌ಗೆ ಗಟ್ಟಿ ಹಣ್ಣು, ಮಾಗಿದ್ದು ಮೇಲಕ್ಕೆ. ಬೆಲ್ಟ್ ಗುಜರಿಯಲ್ಲಿ 700 ರೂಪಾಯಿಗೆ ಸಿಕ್ಕಿತು. ಮೊದಲ ವಾರ ಅರ್ಧ ಮನಸ್ಸಿನಿಂದ 58ಕ್ಕೆ ಏರಿಸಿದರು. ಹಣ್ಣಿನ ತಕರಾರು ಬರಲಿಲ್ಲ. ಆಮೇಲೆ 65ಕ್ಕೆ ತಂದರು. ಒಂದು ಸ್ವಂತ ಗೇಜ್ ಕೂಡ ತಗೊಂಡರು. ಬಂಕ್‌ನಲ್ಲಿ ಗಾಳಿ ಹೊಡೆಯುವ ಹುಡುಗರನ್ನು ದೂರಬೇಕಿಲ್ಲ, ಆದರೆ ಓಡಿ ಬಂದು ಕಾದ ಟೈರ್‌ನಲ್ಲಿ ಅಳತೆ ಯಾವಾಗಲೂ ಜಾಸ್ತಿ ತೋರಿಸುತ್ತೆ. ಜಾಸ್ತಿ ಆಯ್ತು ಅಂತ ಅಲ್ಲೇ ಬಿಟ್ಟರೆ ತಣ್ಣಗಾದಾಗ ಕಡಿಮೆ ಬೀಳುತ್ತೆ.

ಮುಂದಿನ ಟೈರ್‌ಗಳ ಕಥೆ ಬೇರೆ. ಮಧ್ಯದಲ್ಲಿ ಬಟನ್ ಇನ್ನೂ ಕಾಣುತ್ತಿತ್ತು, ಎಡಗಡೆ ಟೈರ್‌ನ ಒಂದಂಚು ಮಾತ್ರ ಬೋಳು. ಅಂಗೈಯನ್ನು ಟೈರ್ ಮೇಲೆ ಅಡ್ಡಲಾಗಿ ಒಂದು ಕಡೆಗೆ ಆಡಿಸಿದರೆ ನುಣುಪು, ತಿರುಗಿಸಿ ಆಡಿಸಿದರೆ ಗರಗಸದ ಹಲ್ಲಿನ ಹಾಗೆ ಚುಚ್ಚುತ್ತಿತ್ತು. ಚಕ್ರ ನೇರ ಉರುಳದೆ ಒಂಚೂರು ಪಕ್ಕಕ್ಕೆ ಉಜ್ಜಿಕೊಂಡು ಹೋಗುವಾಗ ಹೀಗಾಗುತ್ತೆ. ಅವರು ಅಲೈನ್‌ಮೆಂಟ್ ಮಾಡಿಸಿದ್ದರು, ಆರು ತಿಂಗಳ ಹಿಂದೆ. ಬೇರೆ ಮೆಕ್ಯಾನಿಕ್ ಒಬ್ಬರು ಜಾಕ್ ಏರಿಸಿ, ಚಕ್ರವನ್ನು ಎರಡೂ ಪಕ್ಕ ಹಿಡಿದು ಅಲುಗಿಸಿದರು. ಟಕ್ ಟಕ್ ಸದ್ದು. ಸ್ಟೀರಿಂಗ್‌ನಿಂದ ಚಕ್ರಕ್ಕೆ ಬರೋ ಸರಳಿನ ತುದಿ, ಅಂದರೆ ಟೈ ರಾಡ್ ಎಂಡ್, ಸಡಿಲವಾಗಿತ್ತು. ಅದು ಸಡಿಲ ಇರುವಾಗ ಎಷ್ಟು ಅಲೈನ್‌ಮೆಂಟ್ ಮಾಡಿಸಿದರೂ ಮೊದಲ ಗುಂಡಿವರೆಗೆ ಮಾತ್ರ. ಎರಡೂ ಕಡೆ ಬದಲಿಸಿ, ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಸೇರಿ 2,600 ಆಯ್ತು. ಹೊಸ ಟೈರ್ ಹಾಕುವ ಮೊದಲೇ ಇದನ್ನು ಮಾಡಿಸಿದ್ದು ಒಳ್ಳೇದಾಯ್ತು. ಟೈರ್ ಹಾಕಿದ ಮೇಲೆ ದುಡ್ಡಿಲ್ಲ ಅಂತ ಮುಂದೂಡೋದೇ ಜಾಸ್ತಿ.

ಮೂರನೆಯದು ತೂಕ. ಇದು ಎಲ್ಲಕ್ಕಿಂತ ಕಷ್ಟದ ಮಾತು.

ವೇ ಬ್ರಿಡ್ಜ್‌ನಲ್ಲಿ ಹಾಕಿಸಿದಾಗ ಗಾಡಿಯಲ್ಲಿ 146 ಬಾಕ್ಸ್ ಇತ್ತು. ಸರಕಿನ ತೂಕ 2,480 ಕೆ.ಜಿ. ಹೊರಬೇಕಾದದ್ದು 1,700. ನೂರು ಬಾಕ್ಸ್‌ಗೇ ಮಿತಿ ಮುಗಿಯುತ್ತೆ.

‘ತೂಕ ಇಳಿಸಿ, ಟೈರ್ ಉಳಿಯುತ್ತೆ’ ಅಂತ ಎಲ್ಲರೂ ಹೇಳುತ್ತಾರೆ. ಕೂತು ಲೆಕ್ಕ ಹಾಕಿದರೆ ಆ ಮಾತು ನಿಲ್ಲೋದೇ ಇಲ್ಲ. ನೋಡಿ: 146 ಬಾಕ್ಸ್‌ಗೆ 20ರಂತೆ ಬಾಡಿಗೆ 2,920. ನೂರು ಬಾಕ್ಸ್‌ಗೆ 2,000. ಡೀಸೆಲ್ ಆಗ ಲೀಟರ್‌ಗೆ 89ರ ಆಸುಪಾಸು, ಒಂದು ಟ್ರಿಪ್‌ಗೆ ಸುಮಾರು 1,070. ತಿಂಗಳಿಗೆ 17 ಟ್ರಿಪ್ ಅಂತ ಹಿಡಿದರೆ ಕಂತಿನ ಪಾಲು ಟ್ರಿಪ್‌ಗೆ 820. ನೂರು ಬಾಕ್ಸ್ ಹಾಕಿದರೆ ಉಳಿಯೋದು 110 ರೂಪಾಯಿ. ಟೋಲ್ ಇನ್ನೂ ಕಟ್ಟಿಲ್ಲ, ಊಟ ಮಾಡಿಲ್ಲ. ಆ ಟ್ರಿಪ್‌ನಲ್ಲಿ ಸವೆದ ಟೈರ್‌ಗೇ 164 ರೂಪಾಯಿ ಬೇಕು.

ಇನ್ನೊಂದು ಕಡೆ, ಹೆಚ್ಚುವರಿ 28 ಪೈಸೆಯನ್ನು ಪೂರ್ತಿ ಓವರ್‌ಲೋಡ್ ತಲೆಗೇ ಕಟ್ಟಿದರೂ ಒಂದು ಟ್ರಿಪ್‌ಗೆ ಆಗೋ ಟೈರ್ ನಷ್ಟ 40 ರೂಪಾಯಿ ಚಿಲ್ಲರೆ. ಓವರ್‌ಲೋಡ್‌ನಿಂದ ಬರೋದು 920. ನಲವತ್ತು ಉಳಿಸೋಕೆ ಒಂಬೈನೂರು ಬಿಡಿ ಅಂದರೆ ಯಾರು ಕೇಳ್ತಾರೆ?

ಹಾಗಂತ 146 ಸರಿ ಅಂತಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಪ್ರಕಾರ ಓವರ್‌ಲೋಡ್‌ಗೆ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್‌ಗೆ 2,000. ಒಂದು ಸಲ ಸಿಕ್ಕರೆ 20ಕ್ಕೂ ಹೆಚ್ಚು ಟ್ರಿಪ್‌ನ ಲಾಭ ಹೋಯ್ತು. ಸ್ಪ್ರಿಂಗ್ ಪಟ್ಟಿ, ಕ್ಲಚ್, ಬೇರಿಂಗ್ ಖರ್ಚು ಬೇರೆ ಕವರ್‌ನಲ್ಲಿ ಇತ್ತು. ಅದನ್ನು ಬಿಚ್ಚಿ ಕೂಡಿದರೆ ಟೈರ್‌ಗಿಂತ ದೊಡ್ಡ ಮೊತ್ತ. ಹೈವೇಯಲ್ಲಿ ಮುಂದಿನ ಟೈರ್ ಸಿಡಿದರೆ ಆಗೋದಕ್ಕೆ ಲೆಕ್ಕವೇ ಇಲ್ಲ. ನಾನು ಹೇಳೋದಿಷ್ಟೇ: ಓವರ್‌ಲೋಡ್ ಅನ್ನೋದು ಟೈರ್‌ನ ಪ್ರಶ್ನೆ ಅಲ್ಲ, ಬಾಡಿಗೆಯ ಪ್ರಶ್ನೆ. ಬಾಡಿಗೆ ಏರದೆ ತೂಕ ಇಳಿಯೋಲ್ಲ.

ಬಾಡಿಗೆ ಮಾತು

2025ರ ಜನವರಿಯಲ್ಲಿ ಗಾಡಿ ಅಣ್ಣ ಇಬ್ಬರು ಮಂಡಿ ಮಾಲೀಕರ ಹತ್ತಿರ ಹೋದರು. ಕೈಯಲ್ಲಿ ಒಂದೇ ಹಾಳೆ: 2022ರ ಟೈರ್ ಬಿಲ್, 2024ರ ಟೈರ್ ಬಿಲ್, ಕೆಳಗೆ ಡೀಸೆಲ್, ಕಂತು. ಕೇಳಿದ್ದು ಬಾಕ್ಸ್‌ಗೆ 25.

ಮೊದಲನೆಯವರು ಹಾಳೆ ಓದಲೇ ಇಲ್ಲ. ಇಪ್ಪತ್ತಕ್ಕೆ ಬರೋರು ಗೇಟ್ ಹೊರಗೆ ಸಾಲಾಗಿ ನಿಂತಿದ್ದಾರೆ ಅಂದರು. ಅದು ಸುಳ್ಳೂ ಅಲ್ಲ. ಆ ಮಂಡಿಯ ಕೆಲಸ ಗಾಡಿ ಅಣ್ಣನ ಕೈತಪ್ಪಿತು. ಎರಡನೆಯವರು ಸ್ವಲ್ಪ ಹೊತ್ತು ಕೂತು ಮಾತಾಡಿದರು. ಅವರಿಗೆ ಬೇಕಿದ್ದದ್ದು ಸಮಯಕ್ಕೆ ಬರೋ ಗಾಡಿ. ಹಿಂದಿನ ವರ್ಷ ಜನವರಿಯಲ್ಲಿ ಟೈರ್ ಕಿತ್ತು ಬಂದ ದಿನ ತಡವಾದದ್ದು ಇವರದ್ದೇ ಲೋಡು, ಅದನ್ನು ಮರೆತಿರಲಿಲ್ಲ. ಗಾಡಿ ಅಣ್ಣ ಅದನ್ನೇ ಹಿಡಿದರು: "ಅಣ್ಣಾ, ನೀವು ಇಪ್ಪತ್ತು ಕೊಟ್ಟಿದ್ದಕ್ಕೇ ನಾನು ರಿಸೋಲ್ ಹಾಕಿದ್ದು. ಅದು ಕಿತ್ಕೊಂಡು ನಿಮ್ಮ ರೇಟ್ ಹೋಯ್ತು." ಕೊನೆಗೆ 24ಕ್ಕೆ ಒಪ್ಪಿದರು, 115ರಿಂದ 120 ಬಾಕ್ಸ್, ದಿನ ಬಿಟ್ಟು ದಿನ ಖಾಯಂ.

120 ಬಾಕ್ಸ್‌ಗೆ 24 ಅಂದರೆ 2,880. ಮೊದಲಿನ 2,920ಕ್ಕೆ 40 ಕಡಿಮೆ, ಅಷ್ಟೇ. ಆದರೆ ಸರಕಿನ ತೂಕ 2,040 ಕೆ.ಜಿ. ಮಿತಿಗಿಂತ ಇನ್ನೂ 340 ಜಾಸ್ತಿ. ಮಿತಿಯೊಳಗೇ ಓಡಿಸಿ ಇದೇ ದುಡ್ಡು ಬರಬೇಕಾದರೆ ಬಾಕ್ಸ್‌ಗೆ 29 ಬೇಕು, ಅದನ್ನು ಕೊಡೋರು ಸದ್ಯಕ್ಕೆ ಯಾರೂ ಇಲ್ಲ. ಈ ಭಾಗ ಬಗೆಹರಿದಿಲ್ಲ ಅಂತಲೇ ಬರೆದಿಡಬೇಕು.

ಹೊಸ ಸೆಟ್

ಟೈ ರಾಡ್ ರಿಪೇರಿ ಆದ ಮೇಲೆ ಅದೇ ಜನವರಿಯಲ್ಲಿ ನಾಲ್ಕೂ ಹೊಸ ಟೈರ್, ಒಟ್ಟಿಗೆ, ನಗದಿಗೆ. ಒಂದಕ್ಕೆ 9,600, ಒಟ್ಟು 38,400. ದುಡ್ಡು ಬಂದದ್ದು ಚೀಟಿ ಎತ್ತಿ. ಚೀಟಿಯಲ್ಲಿ ಬಿಟ್ಟುಕೊಟ್ಟದ್ದೂ ಖರ್ಚೇ, ಆದರೆ ಅಂಗಡಿ ಸಾಲಕ್ಕಿಂತ ಕಡಿಮೆ ಬಿತ್ತು. ಕೊಳ್ಳುವಾಗ ನಾಲ್ಕಂಕಿಯ ತಾರೀಕು ಅವರೇ ಬಗ್ಗಿ ನೋಡಿದರು. ಒಂದು ಟೈರ್ ಹಳೇದಿತ್ತು, ಬದಲಿಸಿ ಕೊಡಿ ಅಂದರು, ಕೊಟ್ಟರು. ಐಎಸ್‌ಐ ಗುರುತು, ಲೋಡ್ ಎಷ್ಟು ತಡೆಯುತ್ತೆ ಅನ್ನೋ ಅಂಕಿ ಎರಡನ್ನೂ ಫೋನ್‌ನಲ್ಲಿ ಫೋಟೋ ಹಿಡಿದಿಟ್ಟುಕೊಂಡರು.

ಜೊತೆಗೆ ಪೋಸ್ಟ್ ಆಫೀಸಿನಲ್ಲಿ ತಿಂಗಳಿಗೆ 2,500ರ ಒಂದು ಆರ್‌ಡಿ. ಓಡಿದ ಕಿಲೋಮೀಟರ್‌ಗೆ ಒಂದು ರೂಪಾಯಿ ಅಂತ ಹಿಡಿದ ಲೆಕ್ಕ. ಕಂತು ಕಟ್ಟೋರಿಗೆ ಇದು ಇನ್ನೊಂದು ಕಂತೇ. ಎರಡು ತಿಂಗಳು ತಡವಾಗಿ ಕಟ್ಟಿದ್ದೂ ಇದೆ. ಆದರೂ ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಟೈರ್‌ಗಿಂತ ದೊಡ್ಡ ರಿಪೇರಿ ಇದು. ಗಾಡಿ ಅಣ್ಣನಿಗೆ ರಿಸೋಲ್, ಸೆಕೆಂಡ್ ಹ್ಯಾಂಡ್, ಸಾಲದ ಜೋಡಿ ಮೂರೂ ಇಷ್ಟಪಟ್ಟು ಆರಿಸಿಕೊಂಡದ್ದಲ್ಲ. ಟೈರ್ ಸವೆದ ದಿನ ಕೈಯಲ್ಲಿ ಏನಿತ್ತೋ ಅದಕ್ಕೆ ಸಿಕ್ಕಿದ್ದು.

ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಬದಲಿಸೋದು ಸುಮಾರು 8,000 ಕಿ.ಮೀ.ಗೊಮ್ಮೆ ನಡೆಯಿತು. ಏಪ್ರಿಲ್‌ನ ಬಿಸಿಲಿಗೆ ಮಧ್ಯಾಹ್ನದ ಟ್ರಿಪ್ ಬಿಟ್ಟು ಬೆಳಗಿನ ಜಾವ ಹೊರಟರು. ಇದು ಟೈರ್‌ಗಾಗಿ ಅಲ್ಲ, ಹಣ್ಣಿಗಾಗಿ. ಟೈರ್‌ಗೂ ಒಳ್ಳೇದೇ ಆಯ್ತು.

ಜಿಎಸ್‌ಟಿ ಇಳಿದಾಗ

2025ರ ಆಗಸ್ಟ್ 15ರ ಭಾಷಣದಲ್ಲಿ ಜಿಎಸ್‌ಟಿ ಸುಧಾರಣೆಯ ಮಾತು ಬಂತು. ಸೆಪ್ಟೆಂಬರ್ 3ಕ್ಕೆ ಕೌನ್ಸಿಲ್ ತೀರ್ಮಾನ ಮಾಡಿತು, 22ರಿಂದ ಟೈರ್‌ಗೆ 28ರ ಬದಲು 18. ಟ್ರಾಕ್ಟರ್ ಟೈರ್ 5ಕ್ಕೆ ಇಳಿಯಿತು, ಪಿಕಪ್‌ಗೆ 18ರಲ್ಲೇ ನಿಂತಿತು.

ಗಾಡಿ ಅಣ್ಣನ ಸ್ಟೆಪ್ನಿ ಆಗ ಬೋಳಾಗಿತ್ತು. ಈಗಲೇ ಕೊಳ್ಳೋದಾ, 22ರವರೆಗೆ ಕಾಯೋದಾ? ಸವೆದ ಟೈರ್ ಗಾಡಿಗೇ ಹಾಕಿದ್ದಾಗಿದ್ದರೆ ಕಾಯಬೇಡಿ ಅಂತಿದ್ದೆ. ನಾಲ್ಕೂ ಚಕ್ರ ಚೆನ್ನಾಗಿದ್ದವು, ಊರಲ್ಲಿ ನೆಂಟರ ಹತ್ತಿರ ಅದೇ ಸೈಜಿನ ಒಂದು ಸ್ಟೆಪ್ನಿ ಕೇಳಿ ತಂದಿಟ್ಟುಕೊಳ್ಳೋಕೆ ಆಗುತ್ತಿತ್ತು. ಹಾಗಾಗಿ ಕಾದರು.

ಹತ್ತು ಪರ್ಸೆಂಟ್ ಇಳಿದರೆ 960 ಉಳಿಯುತ್ತೆ ಅಂತ ಅವರ ಲೆಕ್ಕ. ಅದು ಹಾಗಲ್ಲ. 9,600ರಲ್ಲಿ ಟೈರ್‌ನ ಮೂಲ ಬೆಲೆ 7,500, ಅದರ ಮೇಲೆ 28 ಹಾಕಿದ್ದು. 7,500ಕ್ಕೆ 18 ಹಾಕಿದರೆ 8,850. ಉಳಿಯೋದು 750, ನೂರಕ್ಕೆ 8 ಕೂಡ ಇಲ್ಲ.

22 ಆದ ಮೇಲೆ ಅಂಗಡಿಗೆ ಹೋದರೆ "ಹಳೇ ಸ್ಟಾಕ್ ಅಣ್ಣಾ, ಹಳೇ ರೇಟು" ಅಂದರು. ಟ್ಯಾಕ್ಸ್ ದರ ನಿಲ್ಲೋದು ಮಾರಿದ ದಿನದ ಮೇಲೆ. ಗೋಡೌನ್‌ಗೆ ಯಾವತ್ತು ಬಂತು ಅನ್ನೋದು ಅಲ್ಲಿ ಲೆಕ್ಕಕ್ಕಿಲ್ಲ. ಅಂಗಡಿಯವರು ಮೊದಲು ಕಟ್ಟಿದ 28 ಅವರಿಗೆ ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತೆ. ಜಗಳ ಏನೂ ಆಗಲಿಲ್ಲ. ಬಿಲ್ ಕೊಡಿ, ಅದರಲ್ಲಿ ಟ್ಯಾಕ್ಸ್ ಬೇರೆ ಸಾಲಿನಲ್ಲಿ ಬರೆಯಿರಿ ಅಂತ ಕೇಳಿದ್ದಷ್ಟೇ. ಎರಡು ನಿಮಿಷ ಫೋನ್‌ನಲ್ಲಿ ಮಾತಾಡಿ 8,850ಕ್ಕೆ ಬಿಲ್ ಮಾಡಿದರು. ಬಿಲ್ ಇಲ್ಲದೆ 200 ಕಡಿಮೆಗೆ ತಗೊಳ್ಳೋರಿಗೆ ಈ ಬಾಗಿಲು ಮುಚ್ಚಿರುತ್ತೆ. ಮುಂದೆ ಟೈರ್ ಉಬ್ಬಿದರೆ ಕಂಪನಿಗೆ ಕ್ಲೇಮ್ ಹಾಕೋಕೂ ಅದೇ ಬಿಲ್ ಬೇಕು.

ಅಕ್ಟೋಬರ್‌ನ ಅಳತೆ

ದೀಪಾವಳಿ ವೇಳೆಗೆ ಜನವರಿಯ ಸೆಟ್ 21,000 ಕಿ.ಮೀ. ಓಡಿತ್ತು. ಹೊಸದರಲ್ಲಿ ಬಟನ್ ಆಳ 10 ಮಿ.ಮೀ. ಇತ್ತು. ಕಾನೂನು ಪ್ರಕಾರ 1.6 ಮಿ.ಮೀ.ವರೆಗೆ ಓಡಿಸಬಹುದು, ಅಂದರೆ ಬಳಸೋಕೆ ಸಿಗೋದು 8.4. ನಾಲ್ಕರ ಸರಾಸರಿ ಸವೆತ 3.6 ಮಿ.ಮೀ. ಇದೇ ವೇಗದಲ್ಲಿ ಹೋದರೆ 49,000 ಕಿ.ಮೀ. ಬರುತ್ತೆ. ನಾನು ಅಷ್ಟು ಹಿಡಿಯೋಲ್ಲ, ಮಧ್ಯೆ ಒಂದು ಕಟ್ ಆಗಬಹುದು, ಮಳೆಗಾಲದಲ್ಲಿ 1.6ಕ್ಕೂ ಮೊದಲೇ ಬದಲಿಸೋದು ವಾಸಿ. 45,000 ಅಂತ ಹಿಡಿದರೆ ಕಿಲೋಮೀಟರ್‌ಗೆ 85 ಪೈಸೆ. ಟೈರ್ ಬೆಲೆ ಈ ಮೂರು ಸೆಟ್‌ನಲ್ಲೇ ಅತಿ ಜಾಸ್ತಿ, ಆದರೂ 1.13ರಿಂದ 85 ಪೈಸೆಗೆ ಇಳಿಯಿತು. 74ಕ್ಕೆ ವಾಪಸ್ ಹೋಗಿಲ್ಲ.

ಯಾವುದರಿಂದ ಎಷ್ಟು ಇಳಿಯಿತು ಅಂತ ಬಿಡಿಸಿ ಹೇಳೋಕಾಗೋಲ್ಲ. ಗಾಳಿ, ಟೈ ರಾಡ್, ತೂಕ ಮೂರೂ ಒಂದೇ ತಿಂಗಳಲ್ಲಿ ಬದಲಾದವು. ನನ್ನ ಅಂದಾಜಿನಲ್ಲಿ ಗಾಳಿಯದೇ ದೊಡ್ಡ ಪಾಲು, ಯಾಕೆಂದರೆ ಹಿಂದಿನ ಟೈರ್‌ಗಳ ಭುಜದ (ಎರಡೂ ಅಂಚಿನ) ಸವೆತ ಪೂರ್ತಿ ನಿಂತಿದೆ. ಇದೇ ರೀತಿ ಲೆಕ್ಕ ಹಾಕೋ ಬೇರೆ ಮಾಲೀಕರಿಗೆ ಒಂದು ಮಾತು: ಹಳೇ ಟೈರ್ ಬಿಸಾಡುವ ಮೊದಲು ಸವೆತ ಎಲ್ಲಿದೆ ಅಂತ ನೋಡಿ. ಎರಡೂ ಭುಜ ಬೋಳಾಗಿದ್ದರೆ ಗಾಳಿ ಕಡಿಮೆ. ನಡು ಬೋಳಾಗಿದ್ದರೆ ಗಾಳಿ ಜಾಸ್ತಿ. ಒಂದೇ ಅಂಚು ಹೋಗಿದ್ದರೆ ಮುಂಭಾಗದ ಜೋಡಣೆ. ಹೊಸ ಟೈರ್ ಆಮೇಲೆ.

ಇನ್ನೂ ನಡೆಯುತ್ತಿರೋದು ಬಾಡಿಗೆ ಮಾತು. ಹಾಳೆ ಓದದ ಮಂಡಿ ಮಾಲೀಕರು ಸೆಪ್ಟೆಂಬರ್‌ನಲ್ಲಿ ಫೋನ್ ಮಾಡಿ 22 ಕೊಡ್ತೀನಿ ಅಂದಿದ್ದಾರೆ, ಆದರೆ 140 ಬಾಕ್ಸ್ ಹಾಕಬೇಕಂತೆ. ಗಾಡಿ ಅಣ್ಣ 24 ಮತ್ತು 120ಕ್ಕಿಂತ ಕೆಳಗಿಳಿದಿಲ್ಲ. ಗಾಡಿಯ ಕಂತು 2025ರ ಡಿಸೆಂಬರ್‌ಗೆ ಮುಗಿಯೋದಿತ್ತು. ಆಮೇಲೆ ಬಾಕ್ಸ್ ಸಂಖ್ಯೆ ನೂರಕ್ಕೆ ಇಳಿಸೋಕೆ ಆಗುತ್ತಾ ಅಂತ 2026ರ ಜನವರಿಯಲ್ಲಿ ಮತ್ತೆ ಕೂತು ಲೆಕ್ಕ ಹಾಕಬೇಕು ಅಂತ ಮಾತಾಗಿತ್ತು.